ವಿಯೆನ್ನಾ, ಮಾರ್ಚ್ 1933: ಸಂಸತ್ತಿಗೆ ಬೀಗ ಬಿದ್ದದ್ದು ಹೇಗೆ?

ಹಳೇಪುಟ:

ಎಲ್ಲರಿಗೂ ನಮಸ್ಕಾರ. ಎರಡು ಮಹಾಯುದ್ಧಗಳ ನಡುವಿನ ಯುರೋಪ್ ಅಂದ ಕೂಡಲೇ ನಮ್ಮ ಮಾತು ಜರ್ಮನಿಗೆ ಹೋಗಿಬಿಡುತ್ತದೆ. ಪಕ್ಕದ ಆಸ್ಟ್ರಿಯಾದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಹಿಟ್ಲರ್ ನುಂಗಿದ ದೇಶ ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ಹಿಟ್ಲರನ ಸೇನೆ ಅಲ್ಲಿಗೆ ಬಂದದ್ದು 1938ರ ಮಾರ್ಚ್‌ನಲ್ಲಿ. ಅಲ್ಲಿನ ಪ್ರಜಾಪ್ರಭುತ್ವ ಮುಗಿದುಹೋದದ್ದು ಅದಕ್ಕೂ ಐದು ವರ್ಷ ಮೊದಲು, ಆಸ್ಟ್ರಿಯಾದವರ ಕೈಯಲ್ಲೇ. ನನಗೆ ಈ ಪ್ರಕರಣ ತುಂಬಾ ಮುಖ್ಯ ಅನ್ನಿಸುತ್ತದೆ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

1933ರ ಮಾರ್ಚ್ 4, ಶನಿವಾರ. ವಿಯೆನ್ನಾದ ಸಂಸತ್ತಿನ ಕೆಳಮನೆಯಲ್ಲಿ ರೈಲ್ವೆ ನೌಕರರ ವಿಷಯ ಚರ್ಚೆಗೆ ಬಂತು. ರೈಲ್ವೆ ಬಳಿ ದುಡ್ಡಿರಲಿಲ್ಲ. ಸಂಬಳವನ್ನು ಮೂರು ಕಂತಿನಲ್ಲಿ ಕೊಡುತ್ತೇವೆ ಎಂದು ಆಡಳಿತ ಹೇಳಿತ್ತು. ನೌಕರರು ಮಾರ್ಚ್ 1ರಂದು ಎರಡು ಗಂಟೆ ರೈಲು ನಿಲ್ಲಿಸಿದರು. ಮುಷ್ಕರ ಮಾಡಿದವರ ಮೇಲೆ ಕ್ರಮ ತೆಗೆದುಕೊಳ್ಳಲು ಸರ್ಕಾರ ಹೊರಟಿತು. ಅದರ ವಿರುದ್ಧ ತಂದ ಒಂದು ನಿರ್ಣಯಕ್ಕೆ 81 ಮತ ಬಿತ್ತು, ವಿರುದ್ಧವಾಗಿ 80. ಸರ್ಕಾರ ಸೋತಿತು.

ಆಮೇಲೆ ಮತಚೀಟಿ ತೆಗೆದು ನೋಡಿದರೆ ಒಬ್ಬ ಸದಸ್ಯರ ಹೆಸರಿನಲ್ಲಿ ಎರಡು ಚೀಟಿ ಇದ್ದವು, ಇನ್ನೊಬ್ಬರದ್ದು ಇರಲೇ ಇಲ್ಲ. ಇಬ್ಬರೂ ಸೋಷಿಯಲ್ ಡೆಮಾಕ್ರಟ್ ಪಕ್ಷದವರು. ಚೀಟಿ ಅದಲು ಬದಲಾಗಿತ್ತು. ಆದರೆ ಅಂತರ ಒಂದೇ ಮತ ಅಲ್ವಾ? ಗಲಾಟೆ ಎದ್ದಿತು. ಅದೇ ಪಕ್ಷದ ಕಾರ್ಲ್ ರೆನ್ನರ್ ಸ್ಪೀಕರ್ ಆಗಿದ್ದರು. ಪೀಠದಲ್ಲಿ ಕೂತವರಿಗೆ ಮತ ಹಾಕುವ ಹಕ್ಕಿಲ್ಲ. ಕೆಳಗಿಳಿದರೆ ಪಕ್ಷಕ್ಕೆ ಒಂದು ಮತ ಜಾಸ್ತಿ ಸಿಗುತ್ತದೆ. ಅವರು ರಾಜೀನಾಮೆ ಕೊಟ್ಟರು. ಎರಡನೇ ಸ್ಪೀಕರ್ ರುಡಾಲ್ಫ್ ರಾಮೆಕ್, ಆಳುವ ಕ್ರಿಶ್ಚಿಯನ್ ಸೋಷಿಯಲ್ ಪಕ್ಷದವರು. ಮತ್ತೆ ಮತ ಹಾಕಿ ಎಂದರು. ಗದ್ದಲ ಇನ್ನೂ ಜೋರಾಯಿತು, ಅವರೂ ಇಳಿದರು. ಮೂರನೆಯವರು ಜರ್ಮನ್ ರಾಷ್ಟ್ರೀಯವಾದಿ ಪಕ್ಷದ ಸೆಪ್ ಸ್ಟ್ರಾಫ್ನರ್, ಅವರೂ ಇಳಿದರು. ಸಭೆಯನ್ನು ಮುಗಿಸಿದೆ ಎಂದು ಹೇಳಲು ಪೀಠದಲ್ಲಿ ಯಾರೂ ಉಳಿಯಲಿಲ್ಲ. ಸದಸ್ಯರು ಎದ್ದು ಮನೆಗೆ ಹೋದರು.

ಮೂವರೂ ಒಟ್ಟಿಗೆ ರಾಜೀನಾಮೆ ಕೊಟ್ಟರೆ ಏನು ಮಾಡಬೇಕು ಎಂದು ಸದನದ ನಿಯಮದಲ್ಲಿ ಬರೆದಿರಲಿಲ್ಲ. ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಎಂಗೆಲ್ಬರ್ಟ್ ಡಾಲ್ಫಸ್ ಹಿಡಿದದ್ದು ಇದನ್ನೇ. ಸಂಸತ್ತು ತನ್ನನ್ನು ತಾನೇ ಮುಗಿಸಿಕೊಂಡಿದೆ, ಇನ್ನು ಸರ್ಕಾರವೇ ಆಳುತ್ತದೆ ಎಂದು ಘೋಷಿಸಿದ. ಮಾರ್ಚ್ 7ಕ್ಕೆ ಸಭೆ ಮೆರವಣಿಗೆಗಳಿಗೆ ನಿಷೇಧ, ಪತ್ರಿಕೆಗಳಿಗೆ ಕಡಿವಾಣ.

ನನ್ನ ವಾದ ಇಷ್ಟು. ಆ ರಾತ್ರಿ ನಡೆದದ್ದು ಒಂದು ಅವಘಡ. ಅವಘಡದಿಂದ ಯಾವ ಸಂಸತ್ತೂ ಸಾಯುವುದಿಲ್ಲ. ಮಾರ್ಚ್ 15ಕ್ಕೆ ಸ್ಟ್ರಾಫ್ನರ್ ತನ್ನ ರಾಜೀನಾಮೆ ಬದಿಗಿಟ್ಟು ಸದನವನ್ನು ಮತ್ತೆ ಕರೆದರು. ಸರ್ಕಾರ ಪೊಲೀಸರನ್ನು ಕಳಿಸಿ ಬಾಗಿಲಲ್ಲಿ ಸದಸ್ಯರನ್ನು ತಡೆಯಿತು. ಪೊಲೀಸರಿಗಿಂತ ಮೊದಲೇ ಒಳಗೆ ಸೇರಿದ್ದ ಕೆಲವರು ಸ್ವಲ್ಪ ಹೊತ್ತು ಕೂತು ಎದ್ದರು. ಸರ್ವಾಧಿಕಾರ ಹುಟ್ಟಿದ ದಿನ ಯಾವುದು ಎಂದರೆ ನಾನು ಮಾರ್ಚ್ 15 ಎನ್ನುತ್ತೇನೆ.

ಶಾಲೆಮೇಷ್ಟ್ರು:

ಚೆನ್ನಾಗಿ ಬರೆದಿದ್ದೀರಿ. ಆದರೆ ಒಂದು ಪ್ರಶ್ನೆ. ಒಂದು ರಾತ್ರಿಯ ಗಲಾಟೆಯನ್ನು ನೆಪ ಮಾಡಿಕೊಂಡು ಸಂಸತ್ತು ಮುಚ್ಚಿದರೆ ಜನ ಸುಮ್ನೆ ಇದ್ದುಬಿಡುತ್ತಾರಾ? ಮೊದಲೇ ಏನೋ ಕೊಳೆತಿರಬೇಕು. ಹಿನ್ನೆಲೆ ಸ್ವಲ್ಪ ಹೇಳಿ. ನಾನು ಮಕ್ಕಳಿಗೆ ಈ ಕಾಲದ ಪಾಠ ಮಾಡುವಾಗ ವರ್ಸೇಲ್ಸ್ ಒಪ್ಪಂದ, ಹಣದುಬ್ಬರ ಎಂದು ಹೇಳಿ ಮುಂದೆ ಹೋಗುತ್ತೇನೆ. ಆಸ್ಟ್ರಿಯಾಕ್ಕೂ ಅಷ್ಟೇ ಸಾಕಾ?

ಹಳೇಪುಟ:

ಸಾಲದು ಮೇಷ್ಟ್ರೇ. 1918ರ ನವೆಂಬರ್ 12ರಂದು ಗಣರಾಜ್ಯ ಘೋಷಣೆಯಾದಾಗ ಅದು ಯಾರಿಗೂ ಬೇಡದ ದೇಶವಾಗಿತ್ತು. ದೊಡ್ಡ ಸಾಮ್ರಾಜ್ಯ ಒಡೆದು ಉಳಿದ ತುಂಡು. ಸುಮಾರು 65 ಲಕ್ಷ ಜನ, ಅದರಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ವಿಯೆನ್ನಾದಲ್ಲೇ. ಹೆಚ್ಚಿನ ಪಕ್ಷಗಳಿಗೆ ಜರ್ಮನಿ ಜೊತೆ ಸೇರುವ ಆಸೆ. ಗೆದ್ದ ದೇಶಗಳು ಅದಕ್ಕೆ ಅವಕಾಶ ಕೊಡಲಿಲ್ಲ.

ರಾಜಕೀಯ ಎರಡು ಭಾಗವಾಗಿತ್ತು. ಹಳ್ಳಿ, ಚರ್ಚು, ರೈತರು ಕ್ರಿಶ್ಚಿಯನ್ ಸೋಷಿಯಲ್ ಪಕ್ಷದ ಕಡೆ. ವಿಯೆನ್ನಾ ಮತ್ತು ಕಾರ್ಖಾನೆ ಊರುಗಳು ಸೋಷಿಯಲ್ ಡೆಮಾಕ್ರಟರ ಕಡೆ. ಎರಡೂ ಕಡೆ ಖಾಸಗಿ ಪಡೆಗಳು. ಬಲಪಂಥದ್ದು ಹೈಮ್‌ವೇರ್, ಎಡದ್ದು ಶುಟ್ಸ್‌ಬುಂಡ್. ಪಕ್ಷಗಳು ಬಂದೂಕು ಕೂಡಿಡುವ ದೇಶದಲ್ಲಿ ಚುನಾವಣೆ ಸೋತವನಿಗೆ ಭಯವೇ ಜಾಸ್ತಿ.

1927ರ ಜನವರಿಯಲ್ಲಿ ಶಾಟೆನ್‌ಡಾರ್ಫ್ ಎಂಬ ಹಳ್ಳಿಯಲ್ಲಿ ಬಲಪಂಥದವರು ಹಾರಿಸಿದ ಗುಂಡಿಗೆ ಒಬ್ಬ ಮಾಜಿ ಸೈನಿಕ ಮತ್ತು ಒಂದು ಪುಟ್ಟ ಮಗು ಸತ್ತರು. ಜುಲೈನಲ್ಲಿ ಜ್ಯೂರಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. ಮರುದಿನ, ಜುಲೈ 15, ಸಿಟ್ಟಾದ ಕಾರ್ಮಿಕರು ವಿಯೆನ್ನಾದ ನ್ಯಾಯಾಲಯದ ಕಟ್ಟಡಕ್ಕೆ ಬೆಂಕಿ ಹಚ್ಚಿದರು. ಪೊಲೀಸರು ಗೋಲಿಬಾರ್ ಮಾಡಿದರು. ಒಟ್ಟು 89 ಜನ ಸತ್ತರು, ಅವರಲ್ಲಿ ಐವರು ಮಾತ್ರ ಪೊಲೀಸರು. ಆ ದಿನದ ನಂತರ ಎರಡೂ ಕಡೆಯವರು ಒಬ್ಬರನ್ನೊಬ್ಬರು ನಂಬಲೇ ಇಲ್ಲ.

1930ರ ಮೇ ತಿಂಗಳಲ್ಲಿ ಹೈಮ್‌ವೇರ್ ನಾಯಕರು ಕೊರ್ನಾಯ್‌ಬುರ್ಗ್ ಎಂಬಲ್ಲಿ ಸೇರಿ, ಪಶ್ಚಿಮದ ಸಂಸದೀಯ ಪ್ರಜಾಪ್ರಭುತ್ವವನ್ನು ತಳ್ಳಿಹಾಕುತ್ತೇವೆ ಎಂದು ಬಹಿರಂಗವಾಗಿ ಪ್ರಮಾಣ ಮಾಡಿದರು. ಹೀಗೆ ಪ್ರಮಾಣ ಮಾಡಿದವರ ಎಂಟು ಸೀಟು ಇಲ್ಲದೆ ಡಾಲ್ಫಸ್ ಸರ್ಕಾರ ನಿಲ್ಲುತ್ತಿರಲಿಲ್ಲ. ಸದನದಲ್ಲಿ 165 ಸೀಟು. ಅವನ ಬಹುಮತ ಒಂದೇ ಒಂದು.

ರೈಲುಹಳಿ:

ಸಂಬಳಕ್ಕೆ ದುಡ್ಡಿಲ್ಲದ ಸ್ಥಿತಿ ಬಂದದ್ದು ಯಾಕೆ ಎನ್ನುವುದನ್ನೂ ಸೇರಿಸಿ. 1931ರ ಮೇ ತಿಂಗಳಲ್ಲಿ ಕ್ರೆಡಿಟ್‌ಆನ್‌ಸ್ಟಾಲ್ಟ್ ಕುಸಿಯಿತು. ಅದು ದೇಶದ ಅತಿ ದೊಡ್ಡ ಬ್ಯಾಂಕು. ಕಾರ್ಖಾನೆಗಳ ಬಂಡವಾಳದ ದೊಡ್ಡ ಪಾಲು ಅದರ ಕೈಯಲ್ಲೇ ಇತ್ತು. ಅದನ್ನು ಉಳಿಸಲು ಸರ್ಕಾರ ಖಜಾನೆ ಖಾಲಿ ಮಾಡಿತು. 1932ರಲ್ಲಿ ಸ್ವಿಟ್ಜರ್ಲೆಂಡ್‌ನ ಲೊಸಾನ್‌ನಲ್ಲಿ 30 ಕೋಟಿ ಶಿಲ್ಲಿಂಗ್ (ಆಗಿನ ಆಸ್ಟ್ರಿಯಾದ ಹಣ) ಸಾಲದ ಒಪ್ಪಂದ ಆಯಿತು. ಜರ್ಮನಿ ಜೊತೆ ಸೇರಬಾರದು ಎನ್ನುವುದು ಅದರ ಷರತ್ತು. 1933ರ ಹೊತ್ತಿಗೆ ದುಡಿಯುವವರಲ್ಲಿ ನಾಲ್ವರಿಗೊಬ್ಬರಿಗೆ ಕೆಲಸ ಇರಲಿಲ್ಲ.

ಜನ ಯಾಕೆ ಸುಮ್ಮನಿದ್ದರು ಎಂದು ಮೇಷ್ಟ್ರು ಕೇಳಿದರಲ್ಲ, ಅದಕ್ಕೆ ಉತ್ತರ ಇಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ವಿಯೆನ್ನಾ ಹತ್ತಿರ ಮರೀನ್‌ಥಾಲ್ ಎಂಬ ಊರಿತ್ತು. ಅಲ್ಲಿನ ಬಟ್ಟೆ ಗಿರಣಿ ಮುಚ್ಚಿ ಇಡೀ ಊರೇ ನಿರುದ್ಯೋಗಿಯಾಯಿತು. ಮರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಜೊತೆಗಾರರು ಅಲ್ಲಿ ಹೋಗಿ ನೋಡಿದರು. ಕೈತುಂಬ ಸಮಯ ಇದ್ದರೂ ಜನ ಪತ್ರಿಕೆ ಓದುವುದು ಬಿಟ್ಟಿದ್ದರು. ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಅರ್ಧಕ್ಕೆ ಇಳಿದಿತ್ತು. ಗಂಡಸರ ನಡಿಗೆ ಕೂಡ ನಿಧಾನವಾಗಿತ್ತು. ಹಸಿದವರು ದಂಗೆ ಏಳುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಕಂಡದ್ದು ಬರೀ ಸುಸ್ತು. ಕೆಲಸ ಇದ್ದವರಿಗೆ ಅದು ಹೋಗುವ ಭಯ, ಇಲ್ಲದವರಿಗೆ ಯಾವುದರಲ್ಲೂ ಆಸಕ್ತಿ ಇಲ್ಲ. ಇಂಥವರನ್ನು ಮಾರ್ಚ್ 15ಕ್ಕೆ ಬೀದಿಗೆ ತರುವುದು ಸುಲಭವಿರಲಿಲ್ಲ.

ಕಾನೂನುಕಟ್ಟೆ:

ಡಾಲ್ಫಸ್ ಯಾವ ಕಾನೂನಿನ ಮೇಲೆ ಆಳಿದ ಎನ್ನುವುದನ್ನು ಬಿಡಿಸಿ ಹೇಳಬೇಕು. ನನಗೆ ಇಡೀ ಕಥೆಯಲ್ಲಿ ಅತ್ಯಂತ ಬೇಸರ ತರುವ ಭಾಗ ಇದು.

1917ರಲ್ಲಿ, ಚಕ್ರವರ್ತಿಯ ಕಾಲದಲ್ಲಿ, ಒಂದು ಕಾನೂನು ಬಂದಿತ್ತು. ಯುದ್ಧದ ದಿನಗಳಲ್ಲಿ ದವಸ, ಕಲ್ಲಿದ್ದಲು ಮುಂತಾದವುಗಳ ಪೂರೈಕೆಗೆ ಸರ್ಕಾರ ಸಂಸತ್ತನ್ನು ಕೇಳದೆ ಸುಗ್ರೀವಾಜ್ಞೆ ಹೊರಡಿಸಬಹುದು ಎಂದು. ಯುದ್ಧ ಮುಗಿದರೂ ಅದನ್ನು ಯಾರೂ ರದ್ದು ಮಾಡಲಿಲ್ಲ. ರಕ್ಷಣಾ ಇಲಾಖೆಯ ಕಾನೂನು ಅಧಿಕಾರಿ ರಾಬರ್ಟ್ ಹೆಖ್ಟ್ ಅದನ್ನು ಹುಡುಕಿ ಡಾಲ್ಫಸ್ ಕೈಗೆ ಕೊಟ್ಟ. 1932ರ ಅಕ್ಟೋಬರ್‌ನಲ್ಲೇ ಒಮ್ಮೆ ಬಳಸಿ ನೋಡಿದರು. ಯಾರ ಮೇಲೆ ಗೊತ್ತಾ? ಮುಳುಗಿದ ಬ್ಯಾಂಕಿಗೆ ಕಾರಣರಾದವರ ಮೇಲೆ. ಬ್ಯಾಂಕಿನ ಧಣಿಗಳ ಪರವಾಗಿ ಯಾರು ಬಾಯಿ ಬಿಡುತ್ತಾರೆ? ತುಂಬಾ ಜನಕ್ಕೆ ಒಪ್ಪಿಗೆಯಾಗುವ ಕಡೆಯಿಂದ ಶುರು ಮಾಡಿದರು. ಐದು ತಿಂಗಳ ನಂತರ ಅದೇ ಕಾನೂನಿನಿಂದ ಪತ್ರಿಕೆ, ಸಭೆ, ಮುಷ್ಕರ ಎಲ್ಲದರ ಬಾಯಿ ಕಟ್ಟಿದರು. ಹೀಗೆ ನೂರಾರು ಸುಗ್ರೀವಾಜ್ಞೆಗಳು ಬಂದವು.

ಇದು ಸರಿಯಲ್ಲ ಎಂದು ವಿಯೆನ್ನಾದ ನಗರ ಸರ್ಕಾರ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. ಈ ನ್ಯಾಯಾಲಯ ಕಾನೂನು ಪಂಡಿತ ಹ್ಯಾನ್ಸ್ ಕೆಲ್ಸನ್ ರೂಪಿಸಿದ 1920ರ ಸಂವಿಧಾನದ ಹೆಮ್ಮೆ. ಕಾನೂನು ಓದಿದವರಿಗೆಲ್ಲ ಆ ಹೆಸರು ಗೊತ್ತು. ಅವರು ಅದರ ನ್ಯಾಯಾಧೀಶರೂ ಆಗಿದ್ದರು. ಆದರೆ 1929ರ ತಿದ್ದುಪಡಿ ನಂತರ ಅವರನ್ನು ಅಲ್ಲಿಂದ ಹೊರಗೆ ಹಾಕಿ, ಬೇರೆಯವರನ್ನು ಕೂರಿಸಿದ್ದರು. ಅಷ್ಟಾದರೂ ಆ ನ್ಯಾಯಾಲಯ ಸುಗ್ರೀವಾಜ್ಞೆಗಳನ್ನು ಹೊಡೆದು ಹಾಕಬಹುದು ಎಂಬ ಭಯ ಸರ್ಕಾರಕ್ಕಿತ್ತು. ಹಾಗಾಗಿ ಆಳುವ ಪಕ್ಷದ ಕಡೆಯ ಸದಸ್ಯರು ಒಬ್ಬೊಬ್ಬರಾಗಿ ರಾಜೀನಾಮೆ ಕೊಟ್ಟರು. ಅವರ ಜಾಗ ತುಂಬುವ ತನಕ ಉಳಿದವರು ಕೂರುವಂತಿಲ್ಲ ಎಂದು 1933ರ ಮೇ 23ಕ್ಕೆ ಇನ್ನೊಂದು ಸುಗ್ರೀವಾಜ್ಞೆ. ಸಂಸತ್ತು ಇಲ್ಲದ್ದರಿಂದ ಜಾಗ ತುಂಬುವವರು ಯಾರು? ನ್ಯಾಯಾಲಯಕ್ಕೆ ಬೀಗ ಹಾಕದೆಯೇ ಅದು ನಿಂತುಹೋಯಿತು. ಮಾರ್ಚ್ 4 ಅವಘಡ ಎಂದು ಹಳೇಪುಟ ಅವರು ಹೇಳಿದ್ದನ್ನು ಒಪ್ಪುತ್ತೇನೆ. ಮೇ 23 ಮಾತ್ರ ಕೂತು ಯೋಚಿಸಿ ಮಾಡಿದ ಕೆಲಸ.

ಗಡಿನಾಡಿನ ಓದುಗ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಆ ದಿನಗಳನ್ನು ನೆನಪಿಸಿಕೊಳ್ಳಿ. 1933ರ ಜನವರಿ 30ಕ್ಕೆ ಪಕ್ಕದಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗಿದೆ. 1932ರ ಏಪ್ರಿಲ್‌ನಲ್ಲೇ ವಿಯೆನ್ನಾ ನಗರದ ಸಭೆಗೆ 15 ನಾಜಿಗಳು ಆರಿಸಿ ಬಂದಿದ್ದರು. 1933ರ ಏಪ್ರಿಲ್‌ನಲ್ಲಿ ಇನ್ಸ್‌ಬ್ರುಕ್ ನಗರದ ಚುನಾವಣೆಯಲ್ಲಿ ಅವರಿಗೆ 41 ಶೇಕಡಾ ಮತ. ಆಸ್ಟ್ರಿಯಾಕ್ಕೆ ಹೋಗುವ ಪ್ರತಿ ಜರ್ಮನ್ ಪ್ರವಾಸಿ ಸಾವಿರ ಮಾರ್ಕ್ ಕಟ್ಟಬೇಕು ಎಂದು ಹಿಟ್ಲರ್ ನಿಯಮ ಮಾಡಿ ಅಲ್ಲಿನ ಹೋಟೆಲುಗಳ ಹೊಟ್ಟೆಗೆ ಹೊಡೆದ. ಬಾಂಬುಗಳು ಸಿಡಿದವು. ಡಾಲ್ಫಸ್ ಜೂನ್ 19ಕ್ಕೆ ನಾಜಿ ಪಕ್ಷವನ್ನು ನಿಷೇಧಿಸಿದ. ಮುಂದಿನ ವರ್ಷ ಜುಲೈ 25ಕ್ಕೆ ನಾಜಿಗಳೇ ಅವನನ್ನು ಅವನ ಕಚೇರಿಯಲ್ಲಿ ಕೊಂದರು. ಹಿಟ್ಲರನ ಎದುರು ನಿಂತು ಪ್ರಾಣ ಕೊಟ್ಟವನನ್ನು ಬರೀ ಸರ್ವಾಧಿಕಾರಿ ಎಂದರೆ ಅನ್ಯಾಯ ಅಲ್ವಾ?

ಹಳೇಪುಟ:

ಕೋಪ ಯಾಕೆ ಸರ್, ಈ ವಾದವನ್ನು ಎದುರಿಸದೆ ಚರ್ಚೆ ಪೂರ್ತಿಯಾಗುವುದಿಲ್ಲ. ಅವನ ಸಾವು ಸುಳ್ಳಲ್ಲ, ನಾಜಿ ಅಪಾಯವೂ ಸುಳ್ಳಲ್ಲ. ಆದರೆ ಅವನು ಯಾರ ಮೇಲೆ ಯಾವ ಕ್ರಮದಲ್ಲಿ ಕೈ ಎತ್ತಿದ ನೋಡಿ. ಮಾರ್ಚ್ 31ಕ್ಕೆ ಶುಟ್ಸ್‌ಬುಂಡ್ ನಿಷೇಧ. ಹೈಮ್‌ವೇರ್‌ಗೆ ಏನೂ ಇಲ್ಲ, ಅದರ ವಿಯೆನ್ನಾ ನಾಯಕ ಎಮಿಲ್ ಫೈ ಸರ್ಕಾರದಲ್ಲೇ ಮೇಲೇರಿದ. ನಾಜಿ ಪಕ್ಷವನ್ನು ನಿಷೇಧಿಸುವ ಮೊದಲೇ ಸಂವಿಧಾನ ನ್ಯಾಯಾಲಯವನ್ನು ನಿಲ್ಲಿಸಿಬಿಟ್ಟಿದ್ದ.

ಆಗಸ್ಟ್‌ನಲ್ಲಿ ಡಾಲ್ಫಸ್ ಇಟಲಿಯ ರಿಚ್ಚೋನೆಗೆ ಹೋಗಿ ಮುಸೊಲಿನಿಯನ್ನು ಕಂಡ. ಹಿಟ್ಲರನಿಂದ ಕಾಪಾಡಲು ಮುಸೊಲಿನಿ ಸಿದ್ಧನಿದ್ದ. ಬದಲಿಗೆ ಅವನು ಬಯಸಿದ್ದು ಸಂಸದೀಯ ಪದ್ಧತಿಯ ಅಂತ್ಯ, ಸೋಷಿಯಲ್ ಡೆಮಾಕ್ರಟರ ಅಂತ್ಯ. ಆ ಪಕ್ಷ 1930ರ ಚುನಾವಣೆಯಲ್ಲಿ 72 ಸೀಟು ಗೆದ್ದ ಅತಿ ದೊಡ್ಡ ಪಕ್ಷ. ನಾಜಿಗಳನ್ನು ಬಹಿರಂಗವಾಗಿ ವಿರೋಧಿಸುತ್ತಿದ್ದ ಪಕ್ಷ. ಸಂಸತ್ತಿನ ಹೆಸರು ಉಳಿದರೆ ಸಾಕು, ನಾವು ಸಹಕರಿಸುತ್ತೇವೆ ಎಂದು ಅವರು ಮತ್ತೆ ಮತ್ತೆ ಹೇಳಿ ಕಳಿಸಿದರು. ಡಾಲ್ಫಸ್ ಕಿವಿಗೊಡಲಿಲ್ಲ. ನಾಜಿಗಳನ್ನು ತಡೆಯುವುದೇ ಗುರಿಯಾಗಿದ್ದರೆ ದೇಶದ ಅರ್ಧದಷ್ಟು ನಾಜಿ ವಿರೋಧಿಗಳನ್ನು ಯಾರಾದರೂ ದೂರ ತಳ್ಳುತ್ತಾರಾ?

ವಿಯೆನ್ನಾ ಕನ್ನಡತಿ:

ನಾನು ಇಲ್ಲೇ ಇರುವುದರಿಂದ ಕಣ್ಣಿಗೆ ಕಾಣುವ ಒಂದಷ್ಟು ವಿಷಯ ಸೇರಿಸುತ್ತೇನೆ. ಹೈಲಿಗೆನ್‌ಸ್ಟಾಟ್ ಸ್ಟೇಷನ್‌ನಿಂದ ಹೊರಗೆ ಬಂದರೆ ಎದುರಿಗೇ ಕಾರ್ಲ್ ಮಾರ್ಕ್ಸ್ ಹೋಫ್. ಒಂದು ಕಿಲೋಮೀಟರಿಗಿಂತ ಉದ್ದದ ವಸತಿ ಕಟ್ಟಡ. ಅದರ ಮುಂದಿನ ಅಂಗಳದ ಹೆಸರೇ ಫೆಬ್ರವರಿ 12 ಚೌಕ.

ವಿಯೆನ್ನಾ ನಗರ ಸರ್ಕಾರ 1923ರಿಂದ ಮನೆ ತೆರಿಗೆ ಹಾಕಿ, ದೊಡ್ಡ ಮನೆಯವರಿಂದ ಜಾಸ್ತಿ ವಸೂಲಿ ಮಾಡಿ, ಹತ್ತು ವರ್ಷದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಮನೆ ಕಟ್ಟಿಸಿತು. ಬಟ್ಟೆ ಒಗೆಯುವ ಜಾಗ, ಶಿಶುವಿಹಾರ, ಗ್ರಂಥಾಲಯ ಎಲ್ಲ ಒಳಗೇ. ಕಾರ್ಲ್ ಮಾರ್ಕ್ಸ್ ಹೋಫ್‌ನ ಹಳೆಯ ಬಟ್ಟೆ ಒಗೆಯುವ ಮನೆಯಲ್ಲಿ ಈಗ ಒಂದು ಪುಟ್ಟ ಮ್ಯೂಸಿಯಂ ಇದೆ. ಇಲ್ಲಿ ಬಂದವರು ಅರಮನೆ ನೋಡಿ ಹೋಗುತ್ತಾರೆ, ದಯವಿಟ್ಟು ಇದನ್ನೂ ನೋಡಿ.

1934ರ ಫೆಬ್ರವರಿ 12, ಸೋಮವಾರ ಬೆಳಿಗ್ಗೆ ಲಿಂಟ್ಸ್ ನಗರದಲ್ಲಿ ಪೊಲೀಸರು ಸೋಷಿಯಲ್ ಡೆಮಾಕ್ರಟರ ಪಕ್ಷದ ಕಚೇರಿ ಇದ್ದ ಹೋಟೆಲ್ ಶಿಫ್‌ಗೆ ಆಯುಧ ಹುಡುಕಲು ಬಂದರು. ಅಲ್ಲಿನ ನಾಯಕ ರಿಶಾರ್ಡ್ ಬೆರ್ನಾಶೆಕ್, ಇನ್ನು ಬಗ್ಗುವುದಿಲ್ಲ ಎಂದು ಮೊದಲೇ ವಿಯೆನ್ನಾಕ್ಕೆ ಪತ್ರ ಕಳಿಸಿದ್ದ. ಗುಂಡು ಹಾರಿತು. ವಿಯೆನ್ನಾದ ವಿದ್ಯುತ್ ಕಾರ್ಮಿಕರು ಕರೆಂಟ್ ತೆಗೆದರು. ಅದೇ ಸಾರ್ವತ್ರಿಕ ಮುಷ್ಕರದ ಸೂಚನೆ. ಸರ್ಕಾರ ಜನ ವಾಸವಿದ್ದ ಈ ಮನೆಗಳ ಮೇಲೆ ಫಿರಂಗಿ ಹಾರಿಸಿತು. ಮೇಯರ್ ಕಾರ್ಲ್ ಸೈಟ್ಸ್ ಅವರನ್ನು ನಗರಸಭೆ ಕಟ್ಟಡದಲ್ಲೇ ಬಂಧಿಸಿದರು. ನಾಲ್ಕೈದು ದಿನದಲ್ಲಿ ಎಲ್ಲ ಮುಗಿಯಿತು. ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಒಂಬತ್ತು ಜನರನ್ನು ಗಲ್ಲಿಗೇರಿಸಿದರು. ಕಾರ್ಲ್ ಮ್ಯುನಿಶ್‌ರೈಟರ್ ಎಂಬವರು ತೀವ್ರವಾಗಿ ಗಾಯಗೊಂಡಿದ್ದರು. ಅವರನ್ನು ಸ್ಟ್ರೆಚರಿನಲ್ಲಿ ಹೊತ್ತು ತಂದು ಗಲ್ಲಿಗೆ ಹಾಕಿದರು. ಇದನ್ನು ಓದಿದಾಗಲೆಲ್ಲ ನನಗೆ ಕಣ್ಣು ತುಂಬುತ್ತದೆ.

ರೈಲುಹಳಿ:

ಮೇಡಂ, ನೀವು ಹೇಳಿದ ಮುಷ್ಕರ ಯಾಕೆ ಸೋತಿತು ಎಂದರೆ ರೈಲು ಓಡುತ್ತಲೇ ಇತ್ತು. 1933ರ ಮಾರ್ಚ್ 1ಕ್ಕೆ ರೈಲು ನಿಲ್ಲಿಸಿದ ಅದೇ ನೌಕರರು ಹನ್ನೊಂದು ತಿಂಗಳ ನಂತರ ನಿಲ್ಲಿಸಲಿಲ್ಲ. ನಡುವೆ ಸಂಘದ ಬೆನ್ನು ಮುರಿದಿದ್ದರು. ಮುಷ್ಕರ ಮಾಡಿದವರು ಕೆಲಸ ಕಳೆದುಕೊಂಡಿದ್ದರು. ಸೇನೆ ಅದೇ ರೈಲಿನಲ್ಲಿ ಊರಿಂದ ಊರಿಗೆ ಹೋಯಿತು.

ಶಾಲೆಮೇಷ್ಟ್ರು:

ಹಾಗಾದರೆ ಸೋಷಿಯಲ್ ಡೆಮಾಕ್ರಟ್ ನಾಯಕರ ತಪ್ಪು ದೊಡ್ಡದೇ. ಹನ್ನೊಂದು ತಿಂಗಳು ಏನು ಮಾಡುತ್ತಿದ್ದರು?

ಹಳೇಪುಟ:

ಕಾಯುತ್ತಿದ್ದರು ಮೇಷ್ಟ್ರೇ. ನನಗೆ ಆ ಪಕ್ಷದ ಮೇಲೆ ಗೌರವ ಇದೆ, ಆದರೂ ಇದನ್ನು ಹೇಳಲೇಬೇಕು. ಅವರ ನಾಯಕ ಒಟ್ಟೊ ಬಾವರ್ ಬಹಳ ಬುದ್ಧಿವಂತ. 1931ರಲ್ಲಿ ಬ್ಯಾಂಕ್ ಕುಸಿದಾಗ ಎದುರಾಳಿ ನಾಯಕ ಇಗ್ನಾಟ್ಸ್ ಸೈಪೆಲ್ ಒಟ್ಟಿಗೆ ಸರ್ಕಾರ ಮಾಡೋಣ ಎಂದು ಕೇಳಿದ. ಬಾವರ್ ಒಪ್ಪಲಿಲ್ಲ. ಬಂಡವಾಳಶಾಹಿಯ ಬಿಕ್ಕಟ್ಟನ್ನು ನಾವ್ಯಾಕೆ ಹೊರಬೇಕು ಎನ್ನುವುದು ಅವರ ನಿಲುವು. 1933ರ ಮಾರ್ಚ್ 15ಕ್ಕೆ ಕಾರ್ಮಿಕರು ಕರೆಗಾಗಿ ಕಾದಿದ್ದರು, ಕರೆ ಬರಲಿಲ್ಲ. ಅಕ್ಟೋಬರ್ ಮಹಾಸಭೆಯಲ್ಲಿ ನಾಲ್ಕು ಗೆರೆ ಎಳೆದರು. ಪಕ್ಷ ನಿಷೇಧಿಸಿದರೆ, ಕಾರ್ಮಿಕ ಸಂಘ ಮುಚ್ಚಿದರೆ, ವಿಯೆನ್ನಾ ನಗರ ಸರ್ಕಾರ ತೆಗೆದರೆ, ಫ್ಯಾಸಿಸ್ಟ್ ಸಂವಿಧಾನ ಹೇರಿದರೆ ಹೋರಾಡುತ್ತೇವೆ ಎಂದು. ಡಾಲ್ಫಸ್‌ಗೆ ಅದು ಅನುಕೂಲವೇ ಆಯಿತು. ಆ ನಾಲ್ಕನ್ನು ಮುಟ್ಟದೆ ಅವನು ಬೇಕಾದ್ದೆಲ್ಲ ಮಾಡಿದ. ಸೋತ ಮೇಲೆ ಬಾವರ್ ಚೆಕೊಸ್ಲೊವಾಕಿಯಾದ ಬರ್ನೋಗೆ ಓಡಿಹೋದರು. ಮಾರ್ಚ್ 15ಕ್ಕೇ ಮುಷ್ಕರಕ್ಕೆ ಕರೆ ಕೊಡಬೇಕಿತ್ತು, ಆಗ ಗೆಲ್ಲುವ ಅವಕಾಶ ಇತ್ತು ಎಂದು ಅಲ್ಲಿಂದ ಅವರೇ ಬರೆದರು.

ಇನ್ನೊಬ್ಬರನ್ನು ಮರೆಯಬಾರದು. ದೇಶದ ಅಧ್ಯಕ್ಷ ವಿಲ್ಹೆಲ್ಮ್ ಮಿಕ್ಲಾಸ್. ಸರ್ಕಾರವನ್ನು ವಜಾ ಮಾಡಿ ಹೊಸ ಚುನಾವಣೆ ಕರೆಯುವ ಅಧಿಕಾರ ಅವರಿಗಿತ್ತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಬೇಡಿಕೊಂಡರು. ಅವರು ಏನೂ ಮಾಡಲಿಲ್ಲ. ಬಾವರ್ ಹೆದರಿಕೆ ನನಗೆ ಅರ್ಥವಾಗುತ್ತದೆ, ರಕ್ತ ಹರಿಯುತ್ತದೆ ಎಂಬ ಭಯ. ಮಿಕ್ಲಾಸ್ ಮಾಡಬೇಕಿದ್ದದ್ದು ಒಂದು ಸಹಿ ಮಾತ್ರ.

ವಿಯೆನ್ನಾ ಕನ್ನಡತಿ:

ನಮ್ಮವರಿಗೆ ಆಸಕ್ತಿ ಇರಬಹುದಾದ ಒಂದು ಮಾತು. ಸಂಸತ್ತು ಮುಚ್ಚಿದ ಅದೇ 1933ರ ಮಾರ್ಚ್‌ನಲ್ಲಿ ಸುಭಾಷ್ ಚಂದ್ರ ಬೋಸ್ ಚಿಕಿತ್ಸೆಗೆಂದು ವಿಯೆನ್ನಾಕ್ಕೆ ಬಂದರು. ವಿಠ್ಠಲಭಾಯ್ ಪಟೇಲ್ ಅವರೂ ಇಲ್ಲಿದ್ದರು. ಗಾಂಧೀಜಿ ಕಾನೂನುಭಂಗ ಚಳವಳಿ ನಿಲ್ಲಿಸಿದ್ದನ್ನು ಟೀಕಿಸಿ ಮೇ ತಿಂಗಳಲ್ಲಿ ಇಬ್ಬರೂ ಹೇಳಿಕೆ ಕೊಟ್ಟದ್ದು ಇದೇ ಊರಿನಿಂದ. ದೆಹಲಿಯ ಕೇಂದ್ರ ಶಾಸನ ಸಭೆಯಲ್ಲಿ ಸ್ಪೀಕರ್ ಪೀಠದಲ್ಲಿ ಕೂತ ಮೊದಲ ಭಾರತೀಯ ವಿಠ್ಠಲಭಾಯ್. ಇಲ್ಲಿನ ಮೂವರು ಸ್ಪೀಕರ್‌ಗಳ ಸುದ್ದಿ ಕೇಳಿ ಅವರಿಗೆ ಏನನ್ನಿಸಿತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಕಾನೂನುಕಟ್ಟೆ:

ಗಡಿನಾಡಿನ ಓದುಗರೇ, ನಿಮ್ಮ ವಾದಕ್ಕೆ ಕಾನೂನಿನ ಕಡೆಯಿಂದ ಒಂದು ಉತ್ತರ. 1934ರ ಏಪ್ರಿಲ್ 30ಕ್ಕೆ ಸರ್ಕಾರವೇ ಹಳೆಯ ಸಂಸತ್ತನ್ನು ಒಂದು ದಿನಕ್ಕೆ ಕರೆಯಿತು. ಸೋಷಿಯಲ್ ಡೆಮಾಕ್ರಟರ 72 ಸೀಟು ಅಷ್ಟರಲ್ಲಿ ರದ್ದಾಗಿದ್ದವು. ಬಂದವರು 76 ಜನ. ಹೊಸ ಸಂವಿಧಾನಕ್ಕೆ ದಾರಿ ಮಾಡುವ ಕಾನೂನಿಗೆ 74 ಜನ ಒಪ್ಪಿದರು, ಇಬ್ಬರು ವಿರೋಧಿಸಿದರು. ಸಂವಿಧಾನವನ್ನು ಪೂರ್ತಿ ಬದಲಿಸಲು ಜನಮತ ಬೇಕು ಎಂದು ಹಳೆಯ ಸಂವಿಧಾನ ಹೇಳುತ್ತಿತ್ತು. ಯಾರನ್ನೂ ಕೇಳಲಿಲ್ಲ. ಮೇ 1ಕ್ಕೆ, ಕಾರ್ಮಿಕರ ದಿನದಂದೇ, ಹೊಸ ಸಂವಿಧಾನ ಬಂತು. ಕಾನೂನೆಲ್ಲ ಹುಟ್ಟುವುದು ದೇವರಿಂದ ಎಂದು ಅದರ ಮುನ್ನುಡಿ. 1920ರದ್ದು ಜನರಿಂದ ಎನ್ನುತ್ತಿತ್ತು.

ಏಪ್ರಿಲ್ 30ಕ್ಕೆ ಪಾಸಾದ ಅದೇ ಕಾನೂನಿನಲ್ಲಿ ಇನ್ನೊಂದು ವಿಷಯವೂ ಇತ್ತು. ಸಂವಿಧಾನವನ್ನು ಬದಲಿಸುವುದೂ ಸೇರಿ, ಸಂಸತ್ತಿನ ಅಧಿಕಾರವೆಲ್ಲ ಮಂತ್ರಿಮಂಡಲಕ್ಕೆ. 1938ರ ಮಾರ್ಚ್ 13ಕ್ಕೆ ಆಸ್ಟ್ರಿಯಾ ಜರ್ಮನಿಯ ಒಂದು ಪ್ರಾಂತ್ಯ ಎಂದು ನಾಜಿ ಮಂತ್ರಿಮಂಡಲ ಕಾನೂನು ಮಾಡಿತಲ್ಲ, ಅದರ ಮೊದಲ ಸಾಲಿನಲ್ಲಿ ಯಾವ ಕಾನೂನಿನ ಆಧಾರ ಕೊಟ್ಟಿದ್ದಾರೆ ಗೊತ್ತಾ? ಇದೇ 1934ರದ್ದು. ಸಂಸತ್ತು ಇದ್ದಿದ್ದರೆ ಸೈನ್ಯ ನಿಲ್ಲುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ದೇಶವನ್ನು ಒಂದು ಮಧ್ಯಾಹ್ನದಲ್ಲಿ ಬರೆದುಕೊಡುವ ದಾರಿಯನ್ನು ಡಾಲ್ಫಸ್ ಸರ್ಕಾರ ಮಾಡಿಟ್ಟಿತ್ತು. 1917ರ ಕಾನೂನು ಹುಡುಕಿ ಕೊಟ್ಟ ಹೆಖ್ಟ್ ಯಹೂದಿ ಮೂಲದವನು. ಅವನು 1938ರಲ್ಲಿ ನಾಜಿಗಳ ಡಾಖೌ ಸೆರೆ ಶಿಬಿರದಲ್ಲಿ ಸತ್ತ.

ಗಡಿನಾಡಿನ ಓದುಗ:

ಇದು ನನಗೆ ಗೊತ್ತಿರಲಿಲ್ಲ, ಗಟ್ಟಿಯಾದ ಮಾತು. ಆದರೂ ನನ್ನ ಮುಖ್ಯ ಪ್ರಶ್ನೆ ಹಾಗೇ ಉಳಿದಿದೆ. 1933ರಲ್ಲಿ ಚುನಾವಣೆ ನಡೆದಿದ್ದರೆ ನಾಜಿಗಳು ಗೆಲ್ಲುತ್ತಿರಲಿಲ್ಲವೇ?

ಹಳೇಪುಟ:

ತುಂಬಾ ಸೀಟು ಗೆಲ್ಲುತ್ತಿದ್ದರು, ಅನುಮಾನ ಇಲ್ಲ. ಇನ್ಸ್‌ಬ್ರುಕ್‌ನಲ್ಲಿ ಅವರು ನುಂಗಿದ್ದು ಹೆಚ್ಚಾಗಿ ಜರ್ಮನ್ ರಾಷ್ಟ್ರೀಯವಾದಿಗಳ ಮತವನ್ನು. ಎರಡು ದೊಡ್ಡ ಪಕ್ಷಗಳಿಗೆ 1930ರಲ್ಲಿ ಸಿಕ್ಕಿದ್ದು 72 ಮತ್ತು 66, ಒಟ್ಟು 138. ಅದರಲ್ಲಿ ಮೂರನೇ ಒಂದು ಭಾಗ ಹೋದರೂ ಸದನದ ಅರ್ಧಕ್ಕಿಂತ ಜಾಸ್ತಿ ಉಳಿಯುತ್ತಿತ್ತು. ಅವರಿಬ್ಬರೂ ಒಟ್ಟಿಗೆ ಕೂರಬೇಕಿತ್ತು, ಅಷ್ಟೇ. 1933ರಲ್ಲಿ ಅದು ಯಾರಿಗೂ ಊಹಿಸಲು ಆಗಲಿಲ್ಲ. 1945ರಲ್ಲಿ ಅದೇ ಎರಡು ಪಂಗಡದವರು ಒಟ್ಟಿಗೆ ಸರ್ಕಾರ ಮಾಡಿದರು. ನಡುವಿನ ವರ್ಷಗಳಲ್ಲಿ ಹಲವರು ಡಾಖೌ ಶಿಬಿರದಲ್ಲಿ ಒಟ್ಟಿಗೆ ಇದ್ದವರು. ಹೊಸ ಚಾನ್ಸಲರ್ ಲಿಯೊಪೋಲ್ಡ್ ಫಿಗ್ಲ್ ಕೂಡ ಅಲ್ಲಿದ್ದವರೇ. ಹಳೆಯ 1920ರ ಸಂವಿಧಾನವನ್ನೇ, 1929ರ ತಿದ್ದುಪಡಿ ಸಮೇತ, ಮತ್ತೆ ತಂದರು. ಆ ಮೈತ್ರಿ 1966ರ ತನಕ ನಡೆಯಿತು. ಮೊದಲ ತಾತ್ಕಾಲಿಕ ಸರ್ಕಾರದ ಮುಖ್ಯಸ್ಥ ಕಾರ್ಲ್ ರೆನ್ನರ್, ಮಾರ್ಚ್ 4ರ ರಾತ್ರಿ ಮೊದಲು ಪೀಠ ಬಿಟ್ಟು ಇಳಿದವರು.